ಗೇಟಿಗೆ ಯಾವ ರಾಡ್?

ಗೇಟಿನ ಹಿಂಜ್ ಮುರಿದಿದೆಯೇ? ಅಂಗಡಿಯಲ್ಲಿ 6013, 2.5 ಎಂಎಂ ವೆಲ್ಡಿಂಗ್ ರಾಡ್ ಕೇಳಿ. ಸಣ್ಣ ಇನ್ವರ್ಟರ್ ಮಷೀನಿನಲ್ಲೂ ಥಟ್ಟನೆ ಕಿಡಿ ಹಿಡಿಯುತ್ತದೆ, ಮೇಲಿನ ಕಿಟ್ಟ ಸುತ್ತಿಗೆಯ ಒಂದೆರಡು ಏಟಿಗೆ ಉದುರುತ್ತದೆ. 70-80 ಆಂಪಿಯರ್ ಸಾಕು. 3.15 ಎಂಎಂಗೆ ನೂರರ ಆಸುಪಾಸು ಬೇಕು. ತೆಳು ಪೈಪಿಗೆ ಅದನ್ನು ಹಿಡಿದರೆ ತೂತೇ ಬೀಳುತ್ತದೆ.

7018 ಹೆಚ್ಚು ಗಟ್ಟಿ ಅಂತ ಅದನ್ನೇ ಕೊಳ್ಳುವವರಿದ್ದಾರೆ. ಗಟ್ಟಿ ಹೌದು. ಮೊದಲೆರಡು ಅಂಕಿ ಹೇಳುವುದೇ ಬೆಸುಗೆಯ ಬಲವನ್ನು: ಚದರ ಇಂಚಿಗೆ 70 ಸಾವಿರ ಪೌಂಡ್. ಆದರೆ ಅದರ ಲೇಪ ಗಾಳಿಯ ತೇವ ಹೀರುತ್ತದೆ. ಆ ತೇವದ ಹೈಡ್ರೋಜನ್ ಬೆಸುಗೆಯೊಳಗೆ ಸೇರಿದರೆ ಬಿರುಕು ಬಿಡಬಹುದು. ಮಲೆನಾಡಿನ ಮಳೆಗಾಲದಲ್ಲಿ ಪ್ಯಾಕೆಟ್ ಒಡೆದಿಟ್ಟ 7018 ಅನ್ನು ನಾನಂತೂ ಮುಟ್ಟುವುದಿಲ್ಲ.

ಜಿಐ ಪೈಪಾದರೆ ಸತುವಿನ ಹೊಗೆ ಕೆಟ್ಟದ್ದು, ದಯವಿಟ್ಟು ಬಯಲಿನಲ್ಲೇ ಬೆಸೆಯಿರಿ.