ಶಸ್ತ್ರ ಕೆಳಗಿಟ್ಟ ಮೇಲೆ

ಸಂಗೊಳ್ಳಿಯ ಹೆಸರೆತ್ತಿದೊಡನೆ ರಾಯಣ್ಣನ ನೆನಪಾಗುತ್ತದೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನಿಗೆ ಯುದ್ಧಾನಂತರದ ಬದುಕು ದೊರೆಯಲಿಲ್ಲ. ದೊರೆತವರು ಅದನ್ನು ಹೇಗೆ ಬಾಳಬೇಕು?

ವಿಯೆನ್ನಾದ ಸಿರಿವಂತ ಮನೆತನದ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ 1914ರಲ್ಲಿ ಸ್ವಇಚ್ಛೆಯಿಂದ ಆಸ್ಟ್ರಿಯಾದ ಸೈನ್ಯ ಸೇರಿದರು. ಫಿರಂಗಿ ದಳದಲ್ಲಿದ್ದುಕೊಂಡೇ ತರ್ಕಶಾಸ್ತ್ರದ ಟಿಪ್ಪಣಿಗಳನ್ನು ಬರೆದರು. ಸಾವಿನ ಸಾಮೀಪ್ಯದಲ್ಲಿ ಅವು ಬಾಳಿನ ಅರ್ಥವನ್ನು ಕುರಿತ ಚಿಂತನೆಯಾಗಿ ಬೆಳೆದವು. 1918ರಲ್ಲಿ ಇಟಲಿಯಲ್ಲಿ ಸೆರೆಯಾದಾಗ ಗ್ರಂಥದ ಹಸ್ತಪ್ರತಿ ಅವರ ಬಳಿಯಲ್ಲಿಯೇ ಇತ್ತು.

1919ರಲ್ಲಿ ಮರಳಿ ಬಂದವರು ಪಿತ್ರಾರ್ಜಿತವನ್ನೆಲ್ಲ ಒಡಹುಟ್ಟಿದವರಿಗೆ ಬಿಟ್ಟುಕೊಟ್ಟು, ಮುಂದೆ ಹಳ್ಳಿಯ ಶಾಲೆಯಲ್ಲಿ ಶಿಕ್ಷಕರಾದರು. ಬಾಹ್ಯ ಪರಿಗ್ರಹ ಕಳಚಿತು. ಅಭ್ಯಂತರ ಪರಿಗ್ರಹವಾದ ಕ್ರೋಧ ಕಳಚಲಿಲ್ಲ. ಮಕ್ಕಳನ್ನು ಹೊಡೆಯುತ್ತಿದ್ದರು. 1926ರಲ್ಲಿ ಪೆಟ್ಟು ತಿಂದ ಬಾಲಕನೊಬ್ಬ ಕುಸಿದು ಬೀಳಲು, ಕೆಲಸ ತೊರೆದರು. ಸುಮಾರು ಹತ್ತು ವರ್ಷಗಳ ತರುವಾಯ ಅದೇ ಹಳ್ಳಿಗೆ ಹೋಗಿ, ಹಳೆಯ ವಿದ್ಯಾರ್ಥಿಗಳ ಮನೆಬಾಗಿಲಲ್ಲಿ ನಿಂತು ಕ್ಷಮೆ ಬೇಡಿದರು.

1939ರಲ್ಲಿ ಕೇಂಬ್ರಿಡ್ಜ್‌ನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವಾರ್ಡುಗಳಿಗೆ ಔಷಧ ಹೊತ್ತೊಯ್ಯುವ ಆಳಾಗಿ ದುಡಿದರು.

ರಣರಂಗದ ಧೈರ್ಯಕ್ಕೆ ಅವರಿಗೆ ಪದಕಗಳು ದೊರೆತವು. ಹಳ್ಳಿಯ ಬಾಗಿಲಲ್ಲಿ ತಲೆಬಾಗಿಸಿ ನಿಂತ ಧೈರ್ಯಕ್ಕೆ ಯಾವ ಪದಕವೂ ಇಲ್ಲ. ವರ್ಷವರ್ಷವೂ ಕ್ಷಮಾವಣಿಯನ್ನು ಆಚರಿಸುವ ಶ್ರಾವಕರು ತಾವು ನೋಯಿಸಿದವರ ಬಾಗಿಲಿಗೆ ಮೊದಲು ಹೋಗಬೇಕೆಂಬುದನ್ನು ಈ ಬಾಳು ನೆನಪಿಸುತ್ತದೆ.