ರಮ್ಯನೋಟ ಮತ್ತು ಕಾಫಿಯ ನೆರಳು

ಮೂಡಿಗೆರೆ, ಕಳಸಗಳ ಕಾಫಿತೋಟಗಳನ್ನು ಕಂಡಾಗಲೆಲ್ಲ ನನಗೆ ಇಂಗ್ಲೆಂಡಿನ ಯೂವ್‌ಡೇಲ್ ಪ್ರೈಸ್ ನೆನಪಾಗುತ್ತಾನೆ. ಉದ್ಯಾನಗಳನ್ನು ನುಣ್ಣಗೆ, ಏಕರೂಪವಾಗಿ ತಿದ್ದುವವರನ್ನು 1794ರಲ್ಲಿ ವಿರೋಧಿಸಿದ ಅವನು ಹಳೆಯ ಮರಗಳ ಒರಟುತನದಲ್ಲಿಯೇ ಚೆಲುವನ್ನು ಗುರುತಿಸಿದವನು. ನಮ್ಮಲ್ಲಿಯೂ ಅತ್ತಿ, ಹಲಸು, ನಂದಿ, ಬೀಟೆಗಳ ಮಿಶ್ರ ನೆರಳಿದ್ದ ಎಷ್ಟೋ ಕಡೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಸಾಲುಗಟ್ಟಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ. ಆದರೆ ಅತ್ತಿಹಣ್ಣನ್ನು ನಂಬಿದ ಮಂಗಟ್ಟೆಹಕ್ಕಿಗೆ ಅದು ಬರಿಯ ಕಂಬ. ಇದ್ದುದನ್ನು ಉಳಿಸಿಕೊಂಡು ಕಟ್ಟುವ ವಿವೇಕವನ್ನು ರಮ್ಯೋದ್ಯಾನದಿಂದ ಕಲಿಯಬೇಕು.

ಕಲಿಯಬಾರದುದೂ ಒಂದುಂಟು. ನ್ಯೂನಂ ಕೋರ್ಟ್ನಿಯಲ್ಲಿ 18ನೆಯ ಶತಮಾನದಲ್ಲಿ ಒಡೆಯನ ಉದ್ಯಾನಕ್ಕಾಗಿ ಹಳ್ಳಿಯನ್ನೇ ಎಬ್ಬಿಸಲಾಯಿತು. ಕೂಲಿಲೈನುಗಳನ್ನು ಕಾಣದ ಮಲೆನಾಡಿನ ವರ್ಣನೆಯೂ ಅದನ್ನೇ ಮಾಡುತ್ತದೆ. ಅಂಥ ವರ್ಣನೆಯನ್ನು ನಮ್ಮ ವಿಮರ್ಶೆ ಬರಿಯ ಸೊಬಗೆಂದು ಒಪ್ಪಿಕೊಳ್ಳಲಾಗದು.