ತುಂಗೆಯಿಂದ ಭದ್ರೆಗೆ ಸೈಕಲ್ ದಾರಿ

ಶಿವಮೊಗ್ಗ ಜಿಲ್ಲೆ ಎಂದೊಡನೆ ದೂರದೂರಿನವರ ಕಣ್ಣ ಮುಂದೆ ಬರುವುದು ಆಗುಂಬೆಯ ತಿರುವುಗಳು, ಜೋಗದ ಕಮರಿ, ಕೊಡಚಾದ್ರಿಯ ನೆತ್ತಿ. ಇಂಥ ಕಡೆ ಸೈಕಲ್ ತುಳಿಯುವುದೆಂದರೆ ಏದುಸಿರೇ ಗತಿ ಎಂದು ಅವರು ಅಂದುಕೊಂಡರೆ ತಪ್ಪಿಲ್ಲ. ಆದರೆ ಜಿಲ್ಲೆಯ ಎರಡು ದೊಡ್ಡ ಊರುಗಳ ನಡುವಿನ ದಾರಿಗೆ ಈ ಘಟ್ಟದ ಗುಣ ಅಂಟಿಲ್ಲ. ಶಿವಮೊಗ್ಗದ ತುಂಗಾ ಸೇತುವೆ ದಾಟಿ, ವಿದ್ಯಾನಗರ, ಹರಿಗೆ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಗಳನ್ನು ಹಿಂದೆ ಹಾಕಿದರೆ ಹೆಚ್ಚುಕಡಿಮೆ 18 ಕಿಲೋಮೀಟರಿಗೆ ಭದ್ರಾವತಿ. ಹೆಸರಿಗೆ ಒಂದೆರಡು ದಿಬ್ಬಗಳನ್ನು ಬಿಟ್ಟರೆ ಉಳಿದದ್ದೆಲ್ಲ ಸಪಾಟು.

ಭೂಗೋಳದ ಪುಸ್ತಕ ತೆರೆದರೆ ಈ ನೆಲದ ಇನ್ನೊಂದು ಚೆಂದ ಕಾಣುತ್ತದೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಬೇರೆ ಬೇರೆ ದಾರಿ ಹಿಡಿದು ಕೂಡ್ಲಿಯಲ್ಲಿ ಮತ್ತೆ ಒಂದಾಗುತ್ತವೆ. ಈ ರಸ್ತೆ ಇರುವುದು ಅವೆರಡರ ನಡುವೆ. ಅದನ್ನು ನಡುಗಡ್ಡೆ ಎಂದು ಬರೆದರೆ ಪರೀಕ್ಷೆಯಲ್ಲಿ ಮೇಷ್ಟ್ರು ಅಂಕ ಕೊಡಲಾರರು. ಆದರೆ ಹದಿನೈದರ ಹುಡುಗನಿಗೆ ಅದು ನಡುಗಡ್ಡೆಯೇ ಸರಿ. ಒಂದು ಹೊಳೆ ದಾಟಿ ಹೊರಟು ಇನ್ನೊಂದು ಹೊಳೆ ಕಂಡರೆ ಅವನ ಮಟ್ಟಿಗೆ ಲೋಕಸಂಚಾರ ಮುಗಿದಂತೆ.

ಸಪಾಟು ದಾರಿ ಸುಲಭ ಎನ್ನುವವರು ಅದನ್ನು ತುಳಿದು ನೋಡಿದವರಲ್ಲ. ಘಟ್ಟದಲ್ಲಿ ಏರು ಎಷ್ಟೇ ಕಾಡಿದರೂ ಇಳಿಜಾರು ಅದರ ಸಾಲ ತೀರಿಸುತ್ತದೆ. ಪೆಡಲ್ ಮೇಲೆ ಕಾಲಿಟ್ಟು ಸುಮ್ಮನೆ ಕೂತರೂ ಸೈಕಲ್ ಓಡುತ್ತದೆ. ಬಯಲಿನಲ್ಲಿ ಅಂಥ ಪುಕ್ಕಟೆ ಸವಾರಿ ಇಲ್ಲ. ತುಳಿದಷ್ಟೇ ದಾರಿ. 28 ಅಂಗುಲ ಚಕ್ರದ ಹಳೆಯ ಕರಿ ಸೈಕಲಿನ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಮುಂದೆ ಹೋಗುವುದು ಐದರಿಂದ ಆರು ಮೀಟರ್. ಲೆಕ್ಕದಲ್ಲಿ ಚುರುಕಾದ ಮಕ್ಕಳು ಭಾಗಿಸಿ ನೋಡಬಹುದು. ಭದ್ರಾವತಿ ಮುಟ್ಟಲು ಕಾಲು ಮೂರು ಸಾವಿರಕ್ಕೂ ಹೆಚ್ಚು ಸಲ ತಿರುಗಬೇಕು!

ಇದರ ಮೇಲೆ ಗಾಳಿಯ ಕಾಟ ಬೇರೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ ಎಂಬುದು ಭೌತಶಾಸ್ತ್ರದ ಪಾಠ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಅಷ್ಟೇ ವೇಗದ ಗಾಳಿ ಎದುರಾದರೆ, ಮೈಗೆ ಬಡಿಯುವುದು 30 ಕಿಲೋಮೀಟರ್ ವೇಗದ ಗಾಳಿ. ತರಗತಿಯಲ್ಲಿ ತಲೆಗೆ ಹತ್ತದ ಈ ಸೂತ್ರ ನಿದಿಗೆಯ ಬಯಲಿನಲ್ಲಿ ತೊಡೆಗೆ ಹತ್ತುತ್ತದೆ. ಶಿವಮೊಗ್ಗದಿಂದ ಭದ್ರಾವತಿಗೆ ರಸ್ತೆ ಆಗ್ನೇಯ ದಿಕ್ಕಿಗೆ ಸಾಗುತ್ತದೆ. ಮುಂಗಾರಿನ ಗಾಳಿ ಬೀಸುವುದು ಪಡುವಣದ ಕಡೆಯಿಂದ. ಹಾಗಾಗಿ ಜೂನ್, ಜುಲೈನಲ್ಲಿ ಶಿವಮೊಗ್ಗದ ಹುಡುಗರು ಹೋಗುವಾಗ ತಾವೇ ಶೂರರೆಂದು ಬೀಗುತ್ತಾರೆ. ಬೆನ್ನ ಹಿಂದೆ ಕೈಯಿಟ್ಟು ತಳ್ಳಿದ ಗಾಳಿಯ ಉಪಕಾರ ಅರಿವಾಗುವುದು ಭದ್ರಾವತಿಯಲ್ಲಿ ಸೈಕಲ್ ತಿರುಗಿಸಿದ ಮೇಲೆ. ಅತ್ತ ಶಿವಮೊಗ್ಗದ ಕಾಲೇಜಿಗೆ ಬರುವ ಭದ್ರಾವತಿಯ ಹುಡುಗನಿಗೆ ಬೆಳಿಗ್ಗೆಯೇ ಎದುರುಗಾಳಿ, ಸಂಜೆ ಮನೆಗೆ ಹೋಗುವಾಗ ಆರಾಮ. ಚಳಿಗಾಲದಲ್ಲಿ ಮೂಡಗಾಳಿ ಎದ್ದರೆ ಈ ನ್ಯಾಯ ತಿರುಗುಮುರುಗು.

ಎದುರುಗಾಳಿಗೆ ಹುಡುಗರು ಕಂಡುಕೊಂಡ ಮದ್ದೆಂದರೆ ಸಾಲು. ಒಬ್ಬನ ಹಿಂದೆ ಒಬ್ಬ ಹೋದರೆ ಹಿಂದಿನವನಿಗೆ ಗಾಳಿಯ ಹೊಡೆತ ಬಹಳ ಕಡಿಮೆ. ಯೂರೋಪಿನ ದೊಡ್ಡ ರೇಸುಗಳ ಸವಾರರು ಮಾಡುವುದೂ ಇದನ್ನೇ. ವಿಜಯಪುರ, ಬಾಗಲಕೋಟೆ ಕಡೆಯ ಬಯಲಿನಲ್ಲಿ ಬೆಳೆದು ರಾಷ್ಟ್ರಮಟ್ಟದ ಪದಕ ತಂದ ಹುಡುಗ ಹುಡುಗಿಯರಿಗೂ ಇದು ಮೊದಲ ಪಾಠ. ಮುಂದಿನವನಿಗೆ ಸುಸ್ತಾದರೆ ಪಕ್ಕಕ್ಕೆ ಸರಿದು ಹಿಂದೆ ಬರುತ್ತಾನೆ, ಎರಡನೆಯವನು ಗಾಳಿಗೆ ಎದೆ ಕೊಡುತ್ತಾನೆ. ಯಾವಾಗಲೂ ಹಿಂದೆಯೇ ಉಳಿಯುವ ಚಾಲಾಕಿ ಯಾರು ಎಂಬುದು ಹತ್ತು ಕಿಲೋಮೀಟರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ನೀತಿಪಾಠದ ಪುಸ್ತಕ ಇಷ್ಟು ಬೇಗ ಇದನ್ನು ಕಲಿಸೀತೆ?

ಭದ್ರಾವತಿಯ ಮಕ್ಕಳಿಗೆ ಸೈಕಲ್ ಆಟದ ವಸ್ತುವಾಗುವ ಮೊದಲೇ ಅನ್ನದ ಸಾಧನವಾಗಿ ಪರಿಚಯವಿತ್ತು. ಬೆಂಕಿಪುರವೆಂಬ ಸಣ್ಣ ಊರಿನಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದ್ದು 1918ರಲ್ಲಿ. 1923ರಲ್ಲಿ ಕುಲುಮೆ ಉರಿಯಿತು. ಅದನ್ನು ದಡ ಸೇರಿಸುವ ಹೊಣೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಗಲೇರಿತು. 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿಕೊಂಡಿತು. ಪಾಳಿಯ ಸೈರನ್ ಕೂಗಿದರೆ ಸಾಕು, ಹ್ಯಾಂಡಲಿಗೆ ಬುತ್ತಿ ತೂಗುಹಾಕಿದ ಸೈಕಲುಗಳ ಹೊಳೆ ಗೇಟಿನ ಕಡೆ ಹರಿಯುತ್ತಿತ್ತು. ಅಪ್ಪ ರಾತ್ರಿಪಾಳಿ ಮುಗಿಸಿ ಮಲಗಿದ ಹೊತ್ತಿನಲ್ಲಿ ಆ ಎತ್ತರದ ಸೈಕಲನ್ನು ಮೆಲ್ಲಗೆ ಹೊರಗೆ ತಂದು, ಬಾರಿನ ಕೆಳಗೆ ಕಾಲು ತೂರಿಸಿ, ಒಳಪೆಡಲ್ ಹೊಡೆದು ಕಲಿತ ಮಕ್ಕಳು ಅಲ್ಲಿ ಓಣಿಗೆ ಹತ್ತು ಮಂದಿ. ಮೊಣಕಾಲಿನ ಗಾಯ ಅವರ ಸರ್ಟಿಫಿಕೇಟು.

ಆ ದಿನಗಳು ಉಳಿದಿಲ್ಲ. ಕಾಗದದ ಕಾರ್ಖಾನೆ 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು, ಕಬ್ಬಿಣದ ಕಾರ್ಖಾನೆ ಸೊರಗಿತು. ಸೈಕಲುಗಳ ಹೊಳೆ ಬತ್ತಿ ಬೈಕುಗಳು ಬಂದವು. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವೇ ಬಂತು. ರಸ್ತೆ ಅಗಲವಾಯಿತು, ಅದರ ಮೇಲಿನ ವೇಗ ಅದಕ್ಕಿಂತ ಹೆಚ್ಚಾಯಿತು.

ಸೈಕಲ್ ಕಲಿತ ಮಗುವಿನ ಲೋಕ ಬೆಳೆಯುವುದು ಅಪ್ಪ ಅಮ್ಮ ಕೊಡುವ ಅಪ್ಪಣೆಯ ಅಳತೆಯಲ್ಲಿ. ಮೊದಲು ಅಂಗಳ, ಆಮೇಲೆ ಓಣಿ, ಆಮೇಲೆ ಕಿರಾಣಿ ಅಂಗಡಿ, ಆಮೇಲೆ ಶಾಲೆ. ಒಂದು ದಿನ ಮಗ ಕೇಳುತ್ತಾನೆ: “ಅಮ್ಮಾ, ಭಾನುವಾರ ಭದ್ರಾವತಿಗೆ ಹೋಗಿ ಬರ್ತೀವಿ.” “ಲಾರಿ ಓಡಾಡೋ ರಸ್ತೆ ಅದು. ಬ್ಯಾಡ ಅಂದ್ರೆ ಬ್ಯಾಡ.” “ಏನೂ ಆಗಲ್ಲ ಕಣಮ್ಮ.” “ನಿಮ್ಮಪ್ಪನ್ನ ಕೇಳು ಹೋಗು.” ಅಪ್ಪನನ್ನು ಕೇಳಿದರೆ, “ಅಮ್ಮ ಏನಂದ್ಲು?” ಎಂಬ ಮರುಪ್ರಶ್ನೆ ಬರುತ್ತದೆ. ಮಗಳು ಕೇಳಿದರಂತೂ ಈ ಮಾತುಕತೆ ಮೊದಲ ವಾಕ್ಯಕ್ಕೇ ಮುಗಿಯುವ ಮನೆಗಳಿವೆ. ರಾಜ್ಯ ಸರ್ಕಾರ 2006ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿ, ಆಮೇಲೆ ಗಂಡುಮಕ್ಕಳಿಗೂ ವಿಸ್ತರಿಸಿದಾಗ, ಹಳ್ಳಿಯ ಎಷ್ಟೋ ಹುಡುಗಿಯರಿಗೆ ಪಕ್ಕದೂರಿನ ಹೈಸ್ಕೂಲು ಹತ್ತಿರವಾಯಿತು. ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು.

ತಾಯಿಯ ಭಯ ಸುಳ್ಳಲ್ಲ. ಹಾಗೆಂದು ಸೈಕಲಿಗೆ ಬೀಗ ಹಾಕುವುದೊಂದೇ ದಾರಿಯೆ? ಇದೇ ಭಯ ಹುಟ್ಟಿದ ಇನ್ನೊಂದು ಸಪಾಟು ನಾಡಿನ ಕತೆ ಕೇಳಬೇಕು. ಹಾಲೆಂಡಿನಲ್ಲಿ ಬೆಟ್ಟವೆಂಬುದೇ ಅಪರೂಪ. ಗಾಳಿಯೇ ತಮ್ಮ ಬೆಟ್ಟ ಎಂದು ಅಲ್ಲಿನ ಸವಾರರು ನಗುತ್ತಾರೆ. ಅಲ್ಲಿಯೂ ಕಾರುಗಳು ಹೆಚ್ಚಿ, 1971ರೊಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಮಕ್ಕಳನ್ನು ಒಳಗೆ ಕೂಡಿಹಾಕಲಿಲ್ಲ. ಮಕ್ಕಳ ಕೊಲೆ ನಿಲ್ಲಿಸಿ ಎಂದು ಕೂಗುತ್ತ ತಾವೇ ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟೂ ಜೊತೆಗೂಡಿ ಸರ್ಕಾರದ ಕಣ್ಣು ತೆರೆಯಿತು. ಇಂದು ಅಲ್ಲಿ ಮಕ್ಕಳು ಪ್ರತ್ಯೇಕ ಸೈಕಲ್ ಹಾದಿಗಳಲ್ಲಿ ಶಾಲೆಗೆ ಹೋಗುವುದು ಆ ತಂದೆತಾಯಂದಿರು ಹಟ ಹಿಡಿದದ್ದರಿಂದ.

ಎರಡು ಹೊಳೆಗಳ ನಡುವಿನ ಈ ರಸ್ತೆಯಲ್ಲಿ ಅಂಥ ಹಾದಿ ಮಾಡಲು ಅಡ್ಡಿಯಾಗುವ ಬೆಟ್ಟಗಳಿಲ್ಲ. ಬೇಕಾದದ್ದು ಕೇಳುವ ಬಾಯಿಗಳು. ಶಾಲೆಗಳ ಪೋಷಕರ ಸಭೆಯಲ್ಲಿ ಅಂಕದ ಮಾತು ಮುಗಿದ ಮೇಲೆ ಐದು ನಿಮಿಷ ಇದಕ್ಕೂ ಸಿಕ್ಕೀತು. ಅಲ್ಲಿಯವರೆಗೆ ಮಕ್ಕಳಿಗೆ ದೂರವನ್ನು ಕಂತಿನಲ್ಲಿ ಕೊಡಬಹುದು. ಈ ತಿಂಗಳು ಹರಿಗೆ, ಮುಂದಿನ ತಿಂಗಳು ನಿದಿಗೆ. ಬ್ರೇಕು, ಬೆಲ್ಲು, ಹಿಂದೆ ಕೆಂಪು ದೀಪ, ತಲೆಗೆ ಹೆಲ್ಮೆಟ್. ಲಾರಿಗಳ ಸದ್ದು ಏರುವ ಮೊದಲೇ ಮರಳುವಂತೆ ಬೆಳಗಿನ ಹೊತ್ತು. ರಸ್ತೆಯ ಎಡ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು. ಭದ್ರಾವತಿಯ ಕಂತು ಬಂದಾಗ ಮೊದಲ ಸಲ ತಂದೆಯೋ ತಾಯಿಯೋ ಜೊತೆಗೆ ಹೋಗುವುದು ಒಳ್ಳೆಯದು, ಸ್ಕೂಟರಿನಲ್ಲಿ ಅಲ್ಲ, ಇನ್ನೊಂದು ಸೈಕಲಿನಲ್ಲಿ. ಮರಳುವಾಗ ಗಾಳಿ ಎದುರಾದರೆ ಮುಂದೆ ಯಾರಿರಬೇಕು ಎಂಬುದನ್ನು ಅವರವರೇ ದಾರಿಯಲ್ಲಿ ತೀರ್ಮಾನಿಸಿಕೊಳ್ಳಲಿ.